ಸಹಿ ನಮ್ಮದು, ಆಯ್ಕೆ ಯಾರದು?

ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರ ಮೇಜಿನ ಖಾನೆಯಲ್ಲಿ ಈಗ ಶಾಯಿಪೆನ್ನಿಗಿಂತ ಜೋಪಾನವಾಗಿ ಇಡಬೇಕಾದ ವಸ್ತುವೊಂದಿದೆ. ಹೆಬ್ಬೆರಳಿನ ಗಾತ್ರದ ಯುಎಸ್‌ಬಿ ಟೋಕನ್ ಅದು. ಕಂಪ್ಯೂಟರಿಗೆ ಸಿಕ್ಕಿಸಿ ಪಿನ್ ಒತ್ತಿದೊಡನೆ ಕಡತಕ್ಕೆ ನಮ್ಮ ಸಹಿ ಬೀಳುತ್ತದೆ. ಕೈ ನಡುಗಿ ಅಕ್ಷರ ಸೊಟ್ಟಗಾಗುವ ಭಯವಿಲ್ಲ, ನಿನ್ನೆಯ ಸಹಿಗೂ ಇಂದಿನದಕ್ಕೂ ಹೋಲಿಕೆಯಿಲ್ಲವೆಂಬ ಆಕ್ಷೇಪವೂ ಇಲ್ಲ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಅದರ ಜೊತೆಗೇ ಭಾರತೀಯ ಸಾಕ್ಷ್ಯ ಅಧಿನಿಯಮಕ್ಕೆ 85ಬಿ ಎಂಬ ಹೊಸ ಕಲಮು ಸೇರಿತು. ಸುರಕ್ಷಿತವೆಂದು ಕಾನೂನು ಒಪ್ಪುವ ಡಿಜಿಟಲ್ ಸಹಿಯನ್ನು, ಅದರ ಒಡೆಯನೇ ಸಮ್ಮತಿಸುವ ಉದ್ದೇಶದಿಂದ ಹಾಕಿದ್ದಾನೆಂದು, ವ್ಯತಿರಿಕ್ತವಾದುದು ಸಾಬೀತಾಗುವ ತನಕ, ನ್ಯಾಯಾಲಯ ಭಾವಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. 2023ರಲ್ಲಿ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ಭಾವನೆ ಮುಂದುವರಿದಿದೆ. ಅಂದರೆ, ಈ ಸಹಿ ನಮ್ಮದಲ್ಲ ಎಂದು ತೋರಿಸುವ ಹೊರೆ ನಮ್ಮ ಹೆಗಲ ಮೇಲಿದೆ.

ಈ ಹೊರೆಯ ಅರಿವಾದ ಮೇಲೆ ನಮ್ಮನ್ನು ಕಾಡತೊಡಗಿದ ಪ್ರಶ್ನೆ ಸರಳವಾದುದು. ಸಹಿ ಹಾಕುವ ವಿಧಾನವನ್ನು ಆರಿಸಿದವರು ಯಾರು? ನಾವಂತೂ ಅಲ್ಲ. ನಮ್ಮ ಇಲಾಖೆಯ ಕಂಪ್ಯೂಟರ್ ವಿಭಾಗದವರನ್ನು ಕೇಳಿದರೆ ಅವರು ತಂತ್ರಾಂಶ ಬರೆದವರತ್ತ ಬೆರಳು ತೋರುತ್ತಾರೆ. ಅವರು ತಾವು ಬಳಸಿದ ಲೈಬ್ರರಿಯತ್ತ ತೋರುತ್ತಾರೆ. ಇಲ್ಲಿ ಲೈಬ್ರರಿ ಎಂದರೆ ಪುಸ್ತಕಗಳ ಭಂಡಾರವಲ್ಲ. ಎಲ್ಲರಿಗೂ ಬೇಕಾಗುವ ಕಷ್ಟದ ಕೆಲಸಗಳನ್ನು ಒಮ್ಮೆ ಬರೆದಿಟ್ಟು, ಇತರ ಪ್ರೋಗ್ರಾಮರುಗಳು ಹೆಸರು ಹೇಳಿ ಬಳಸಿಕೊಳ್ಳುವಂತೆ ಮಾಡಿದ ಸಿದ್ಧ ತಂತ್ರಾಂಶದ ಕಟ್ಟು. ಸಹಿ ಟೋಕನಿನೊಳಗೆ ಹುಟ್ಟುತ್ತದೆ, ನಿಜ. ಆದರೆ ಅದನ್ನು ಸರಿಯೆಂದೋ ತಪ್ಪೆಂದೋ ಹೇಳುವುದು ಬೇರೆಲ್ಲೋ ಇರುವ ಕಂಪ್ಯೂಟರಿನ ಇಂಥದೊಂದು ಲೈಬ್ರರಿ. ಆ ಲೈಬ್ರರಿಯ ಒಳಗಿನ ಆಯ್ಕೆಗಳಿಗೆ ಒಂದು ಚರಿತ್ರೆಯಿದೆ, ಮತ್ತು ಅದರಲ್ಲಿ ಗಣಿತ ಅರ್ಧಭಾಗವಷ್ಟೇ.

ಗಣಿತದ ಭಾಗವನ್ನು ಬೇಗ ಹೇಳಿ ಮುಗಿಸಬಹುದು. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಇಬ್ಬರು ಅಮೆರಿಕನ್ನರು ಜೋಡಿ ಕೀಲಿಗಳ ಕಲ್ಪನೆಯನ್ನು ಪ್ರಕಟಿಸಿದರು. ಒಂದು ಕೀಲಿ ಗುಟ್ಟಾಗಿ ನಮ್ಮಲ್ಲೇ ಇರುತ್ತದೆ, ಇನ್ನೊಂದು ಊರಿಗೆಲ್ಲ ಗೊತ್ತಿರುತ್ತದೆ. ಗುಟ್ಟಿನ ಕೀಲಿಯಿಂದ ಮಾತ್ರ ಮಾಡಬಹುದಾದ, ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದಾದ ಗುರುತೇ ಡಿಜಿಟಲ್ ಸಹಿ. ಮರುವರ್ಷವೇ ಎಂಐಟಿಯ ರಿವೆಸ್ಟ್, ಶಮೀರ್, ಆಡಲ್‌ಮನ್ ಈ ಕಲ್ಪನೆಗೆ ಒಂದು ಕಾಯಾ ಕೊಟ್ಟರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಬಿಡಿಸುವುದು ಕಷ್ಟ ಎಂಬುದರ ಮೇಲೆ ನಿಂತ ಆ ವಿಧಾನಕ್ಕೆ ಅವರ ಹೆಸರುಗಳ ಮೊದಲಕ್ಷರಗಳಿಂದ ಆರ್‌ಎಸ್‌ಎ ಎಂದಾಯಿತು. ಇಡೀ ಪತ್ರಕ್ಕೆ ನೇರವಾಗಿ ಸಹಿ ಹಾಕುವುದಿಲ್ಲ. ಪತ್ರವನ್ನು ಅರೆದು, ಹಿಂಡಿ, ಬೆರಳಚ್ಚಿನಂಥ ಒಂದು ಪುಟ್ಟ ಸಂಖ್ಯೆಯನ್ನು ತೆಗೆಯುತ್ತಾರೆ. ಅದರ ಹೆಸರು ಹ್ಯಾಶ್. ಸಹಿ ಬೀಳುವುದು ಅದರ ಮೇಲೆ.

ಆರ್‌ಎಸ್‌ಎಗೆ 1983ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅರ್ಜಿ ಹಾಕುವ ಮೊದಲೇ ವಿಧಾನ ಪ್ರಕಟವಾಗಿಬಿಟ್ಟಿದ್ದ ಕಾರಣ ಹೊರದೇಶಗಳಲ್ಲಿ ಆ ಹಕ್ಕು ಇರಲಿಲ್ಲ. ಆದರೆ ತಂತ್ರಾಂಶಗಳ ಬಹುಪಾಲು ಅಮೆರಿಕದಲ್ಲೇ ಸಿದ್ಧವಾಗುತ್ತಿದ್ದುದರಿಂದ, ಅಲ್ಲಿಯ ನಿರ್ಬಂಧ ಇಲ್ಲಿಗೂ ಹಡಗು ಹತ್ತಿ ಬಂದಂತೆಯೇ ಆಗುತ್ತಿತ್ತು. ಸರ್ಕಾರಿ ಬಳಕೆಗೆ ಒಂದು ಸಹಿ ಮಾನಕ ಬೇಕೆಂದು 1991ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹೊಸದೊಂದು ವಿಧಾನವನ್ನು ಮುಂದಿಟ್ಟಿತು. ಡಿಜಿಟಲ್ ಸಿಗ್ನೇಚರ್ ಅಲ್ಗಾರಿದಮ್, ಚಿಕ್ಕದಾಗಿ ಡಿಎಸ್‌ಎ. ಅದನ್ನು ರೂಪಿಸಿದ್ದು ನಿಸ್ಟ್ ಅಲ್ಲ, ಗೂಢಚರ್ಯೆಯ ಸಂಸ್ಥೆಯಾದ ಎನ್‌ಎಸ್‌ಎ. ಪೇಟೆಂಟಿನಲ್ಲಿ ಹೆಸರಿರುವ ಡೇವಿಡ್ ಕ್ರಾವಿಟ್ಜ್ ಅಲ್ಲಿಯ ನೌಕರ. ಹೀಗಾಗಿ ಮೊದಲ ದಿನದಿಂದಲೇ ಅನುಮಾನ. ಕೀಲಿಯ ಗಾತ್ರವನ್ನು 512 ಬಿಟ್ಟಿಗೆ ಕಟ್ಟಿಹಾಕಿದ್ದೇಕೆ ಎಂದು ತಜ್ಞರು ಕೇಳಿದರು, ಅದು 1024ಕ್ಕೆ ಏರಿತು. ತನ್ನ ಪೇಟೆಂಟಿನ ವ್ಯಾಪ್ತಿಗೆ ಇದು ಬರುತ್ತದೆಂದು ಜರ್ಮನಿಯ ಗಣಿತಜ್ಞ ಕ್ಲಾಸ್ ಶ್ನೋರ್ ವಾದಿಸಿದರು. ಆರ್‌ಎಸ್‌ಎ ಸಹಿಯನ್ನು ಪರೀಕ್ಷಿಸುವುದು ಬಹಳ ಬೇಗ ಆಗುತ್ತದೆ, ಡಿಎಸ್‌ಎ ಸಹಿಯ ಪರೀಕ್ಷೆ ನಿಧಾನ. ಒಮ್ಮೆ ಹಾಕಿದ ಸಹಿಯನ್ನು ನೂರು ಜನ ಪರೀಕ್ಷಿಸುವ ಲೋಕದಲ್ಲಿ ಇದು ತಲೆಕೆಳಗಾದ ಉಳಿತಾಯವೆಂಬ ಆಕ್ಷೇಪವೂ ಬಂತು. ಇಷ್ಟರ ನಡುವೆಯೂ 1994ರ ಮೇ ತಿಂಗಳಲ್ಲಿ ಅದು ಮಾನಕವಾಯಿತು.

ಆಕ್ಷೇಪಿಸಿದವರಲ್ಲಿ ರಿವೆಸ್ಟ್ ಕೂಡ ಒಬ್ಬರು. ಅವರಿಗೆ ಸ್ವಂತ ಸರಕಿನ ಹಿತಾಸಕ್ತಿಯಿತ್ತು, ಆದ್ದರಿಂದ ಅವರ ಮಾತನ್ನು ಹಲವರು ವ್ಯಾಪಾರಿಯ ಮಾತೆಂದು ಬದಿಗಿಟ್ಟಿರಬಹುದು. ಆದರೆ 1992ರಲ್ಲಿ ಅವರು ಹೇಳಿದ ಒಂದು ಸಂಗತಿ ಮುಂದಿನ ಇಪ್ಪತ್ತು ವರ್ಷಗಳ ಪಂಚಾಂಗದಂತಿತ್ತು. ಡಿಎಸ್‌ಎ ವಿಧಾನದಲ್ಲಿ ಪ್ರತಿ ಸಹಿಗೂ ಒಂದು ಹೊಸ ಯಾದೃಚ್ಛಿಕ ಸಂಖ್ಯೆ ಬೇಕು, ಅದು ಗುಟ್ಟಾಗಿಯೂ ಇರಬೇಕು. ಅದರಲ್ಲಿ ಎಡವಿದರೆ ಕೀಲಿಯೇ ಬಯಲಾಗುತ್ತದೆ, ಇಂಥ ಜವಾಬ್ದಾರಿಯನ್ನು ಬಳಕೆದಾರನ ತಲೆಗೆ ಕಟ್ಟುವುದು ಸರಿಯಲ್ಲ ಎಂಬುದು ಅವರ ವಾದ. ಈ ಮಾತಿಗೆ ಮತ್ತೆ ಬರುತ್ತೇವೆ.

1997ರ ಫೆಬ್ರವರಿಯಲ್ಲಿ ಸನ್ ಕಂಪನಿಯ ಜಾವಾ ಭಾಷೆಯ 1.1ನೆಯ ಆವೃತ್ತಿ ಹೊರಬಂತು. ಬ್ಯಾಂಕುಗಳಿಂದ ಹಿಡಿದು ಸರ್ಕಾರಿ ಜಾಲತಾಣಗಳ ತನಕ ಮುಂದಿನ ದಿನಗಳಲ್ಲಿ ಜಾವಾ ಹಬ್ಬಿದ ಬಗೆಯನ್ನು ನೆನೆದರೆ, ಸಹಿಯ ಚರಿತ್ರೆಯಲ್ಲಿ ಇದು ಮಹತ್ವದ ದಿನಾಂಕ. ಅದರ ಲೈಬ್ರರಿಯಲ್ಲಿ ಸಹಿಗೆಂದು ಒಂದು ಅಂಗವಿತ್ತು. ಅದನ್ನು ರೂಪಿಸಿದವರ ಯೋಚನೆ ಅಂದಕ್ಕೆ ಅಂದವೂ ಆಗಿತ್ತು, ಜಾಣತನವೂ ಆಗಿತ್ತು. ಪ್ರೋಗ್ರಾಮರು ತನಗೆ ಬೇಕಾದ ಸಹಿ ವಿಧಾನದ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದು ಕೇಳುತ್ತಾನೆ. ಲೈಬ್ರರಿ ಆ ವಿಧಾನವನ್ನು ಬಲ್ಲ ಒಂದು ಅನುಷ್ಠಾನವನ್ನು ಹುಡುಕಿ ಅವನ ಕೈಗಿಡುತ್ತದೆ. ಅನುಷ್ಠಾನಗಳನ್ನು ಪೂರೈಸುವ ಕಟ್ಟುಗಳಿಗೆ ಪ್ರೊವೈಡರ್ ಎಂದು ಹೆಸರು. ಕಂಪ್ಯೂಟರಿನ ಒಂದು ಕಡತದಲ್ಲಿ ಈ ಪ್ರೊವೈಡರುಗಳ ಪಟ್ಟಿ 1, 2, 3 ಎಂಬ ಕ್ರಮಾಂಕದೊಂದಿಗೆ ಇರುತ್ತದೆ. ಪ್ರೋಗ್ರಾಮರು ಇಂಥದೇ ಪ್ರೊವೈಡರ್ ಬೇಕೆಂದು ಹೇಳದಿದ್ದರೆ, ಪಟ್ಟಿಯಲ್ಲಿ ಮೊದಲು ಸಿಗುವ ಸಮರ್ಥನೇ ಆಯ್ಕೆಯಾಗುತ್ತಾನೆ. ಅಂಗಡಿಯಲ್ಲಿ ಸೋನಾ ಮಸೂರಿ ಕೊಡಿ ಎಂದಷ್ಟೇ ಕೇಳಿ, ಯಾವ ಗಿರಣಿಯದೆಂದು ಕೇಳದಿರುವ ಹಾಗೆ. ಅಕ್ಕಿಯ ಹೆಸರು ಒಂದೇ, ಕಲ್ಲು ಇದೆಯೋ ಇಲ್ಲವೋ ಎಂಬುದು ಗಿರಣಿಗೆ ಬಿಟ್ಟದ್ದು.

ಜಾವಾ 1.1ರಲ್ಲಿ ಸಹಿಗೆಂದು ಸಿಗುತ್ತಿದ್ದ ಅನುಷ್ಠಾನ ಡಿಎಸ್‌ಎ. ತಜ್ಞರು ಅಷ್ಟೆಲ್ಲ ಆಕ್ಷೇಪಿಸಿದ ವಿಧಾನವೇ ಏಕೆ? ಗಣಿತದ ಶ್ರೇಷ್ಠತೆ ಕಾರಣವಲ್ಲ. ಆರ್‌ಎಸ್‌ಎಗೆ ಪೇಟೆಂಟಿನ ಕಾವಲಿತ್ತು, ಡಿಎಸ್‌ಎಯನ್ನು ನಿಸ್ಟ್ ಶುಲ್ಕವಿಲ್ಲದೆ ಬಿಟ್ಟುಕೊಟ್ಟಿತ್ತು. ಇನ್ನೊಂದು ಕಾರಣ ಇನ್ನೂ ಸ್ವಾರಸ್ಯದ್ದು. ಗೂಢಲಿಪಿಯನ್ನು ಶಸ್ತ್ರಾಸ್ತ್ರಗಳ ಸಾಲಿನಲ್ಲಿಟ್ಟು ನೋಡುತ್ತಿದ್ದ ಅಮೆರಿಕದ ರಫ್ತು ಕಾನೂನು, ಗುಟ್ಟನ್ನು ಮುಚ್ಚಿಡುವ ತಂತ್ರಾಂಶವನ್ನು ತಡೆಯುತ್ತಿತ್ತೇ ಹೊರತು ಸಹಿಯನ್ನಷ್ಟೇ ಹಾಕುವ ತಂತ್ರಾಂಶವನ್ನಲ್ಲ. ಆರ್‌ಎಸ್‌ಎಯಿಂದ ಎರಡೂ ಕೆಲಸ ಆಗುತ್ತವೆ. ಡಿಎಸ್‌ಎಯಿಂದ ಸಹಿ ಮಾತ್ರ ಸಾಧ್ಯ. ಮುಚ್ಚಿಡುವ ಭಾಗವನ್ನು ಸನ್ ಕಂಪನಿ ಬೇರೆಯೇ ಕಟ್ಟಾಗಿ ಮಾಡಿ ಅಮೆರಿಕ ಮತ್ತು ಕೆನಡಾಗಳಿಗೆ ಸೀಮಿತಗೊಳಿಸಿತು. ಸಹಿಯ ಭಾಗ ಜಗತ್ತಿಗೆಲ್ಲ ಹೋಯಿತು. ಕೀಟೂಲ್ ಎಂಬ ಜಾವಾದ ಕೀಲಿ ತಯಾರಿಸುವ ಉಪಕರಣ, ವಿಧಾನದ ಹೆಸರು ಹೇಳದೆ ಕೀಲಿ ಕೇಳಿದವರಿಗೆ ಬಹುಕಾಲ ಡಿಎಸ್‌ಎ ಕೀಲಿಯನ್ನೇ ಕೊಡುತ್ತಿತ್ತು. ರಫ್ತು ನಿಯಮಗಳು ಸಡಿಲಗೊಂಡು, 2000ದ ಸೆಪ್ಟೆಂಬರಿನಲ್ಲಿ ಆರ್‌ಎಸ್‌ಎ ಪೇಟೆಂಟ್ ಮುಗಿದ ಮೇಲೂ ಈ ಅಭ್ಯಾಸ ಉಳಿಯಿತು. ಕಾನೂನು ಸತ್ತರೂ ಅದರಿಂದ ಹುಟ್ಟಿದ ರೂಢಿ ಬದುಕಿರುವುದನ್ನು ಸರ್ಕಾರಿ ನೌಕರರಿಗೆ ಯಾರೂ ವಿವರಿಸಬೇಕಾಗಿಲ್ಲ.

ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು ಆ ಪೇಟೆಂಟ್ ಮುಗಿದು ಒಂದು ತಿಂಗಳು ತುಂಬುವ ಮೊದಲೇ ಎಂಬುದು ಕಾಕತಾಳೀಯ. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಬೌನ್ಸಿ ಕ್ಯಾಸಲ್ ಎಂಬ ಉಚಿತ ಲೈಬ್ರರಿಯೂ ಹುಟ್ಟಿತು. ಕೆಲಸ ಬದಲಿಸಿದಾಗಲೆಲ್ಲ ಅದೇ ಗೂಢಲಿಪಿಯ ತಂತ್ರಾಂಶವನ್ನು ಹೊಸದಾಗಿ ಬರೆದು ಬೇಸತ್ತ ಇಬ್ಬರು ಸಹೋದ್ಯೋಗಿಗಳು ಅದನ್ನು ಆರಂಭಿಸಿದರು. ಅಲ್ಲಿಂದಾಚೆಗೆ ಒಂದೇ ಜಾವಾ ಕಂಪ್ಯೂಟರಿನಲ್ಲಿ ಒಂದೇ ಸಹಿ ವಿಧಾನಕ್ಕೆ ಎರಡು ಮೂರು ಅನುಷ್ಠಾನಗಳಿರುವುದು ಸಾಮಾನ್ಯವಾಯಿತು. 2004ರ ಆವೃತ್ತಿಯಲ್ಲಿ ನಮ್ಮ ಮೇಜಿನ ಟೋಕನಿನಂಥ ಸಾಧನಗಳೊಡನೆ ಮಾತಾಡುವ ಪ್ರೊವೈಡರ್ ಸೇರಿತು. ಆಗ ಹೆಸರು ಹೇಳಿದೊಡನೆ ಆಯ್ಕೆ ಮಾಡದೆ, ಕೀಲಿಯನ್ನು ತೋರಿಸುವ ತನಕ ಕಾದು, ಆ ಕೀಲಿಯನ್ನು ನಿಭಾಯಿಸಬಲ್ಲವನನ್ನು ಆರಿಸುವ ಉಪಾಯ ಬಂತು. ಪ್ರೋಗ್ರಾಮಿನ ಸಾಲು ಒಂದಕ್ಷರವೂ ಬದಲಾಗದೆ, ಯಂತ್ರದಿಂದ ಯಂತ್ರಕ್ಕೆ ಅದರ ಹಿಂದೆ ಕೆಲಸ ಮಾಡುವ ಕೈ ಬದಲಾಗಬಹುದಾಯಿತು.

ಈಗ ರಿವೆಸ್ಟ್ ಹೇಳಿದ ಆ ಯಾದೃಚ್ಛಿಕ ಸಂಖ್ಯೆಗೆ ಮರಳೋಣ. ಡಿಎಸ್‌ಎ ಸಹಿಯೆಂದರೆ ಎರಡು ಅಜ್ಞಾತಗಳಿರುವ ಒಂದು ಸಮೀಕರಣ. ಒಂದು ಅಜ್ಞಾತ ನಮ್ಮ ಗುಟ್ಟಿನ ಕೀಲಿ, ಇನ್ನೊಂದು ಆ ಸಹಿಗೆಂದೇ ಆರಿಸಿದ ಯಾದೃಚ್ಛಿಕ ಸಂಖ್ಯೆ. ಒಂದು ಸಮೀಕರಣದಿಂದ ಎರಡು ಅಜ್ಞಾತಗಳನ್ನು ಬಿಡಿಸಲಾಗದು, ಅದೇ ರಕ್ಷಣೆ. ಆದರೆ ಎರಡು ಪತ್ರಗಳಿಗೆ ಅದೇ ಯಾದೃಚ್ಛಿಕ ಸಂಖ್ಯೆಯಿಂದ ಸಹಿ ಹಾಕಿದರೆ, ಅವೇ ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳಾಗುತ್ತವೆ. ಹೈಸ್ಕೂಲಿನ ಬೀಜಗಣಿತ ಬಲ್ಲವನು ಒಂದರಿಂದ ಇನ್ನೊಂದನ್ನು ಕಳೆದು ಕೀಲಿಯನ್ನು ಪಡೆಯಬಹುದು. ಸಹಿಗಳು ನೋಡಲು ಸರಿಯಾಗಿಯೇ ಇರುತ್ತವೆ, ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ತಪ್ಪು ಕಾಣುವುದು ಕೀಲಿ ಕಳುವಾದ ಮೇಲೆಯೇ.

2006ರ ಸೆಪ್ಟೆಂಬರಿನಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ನಿರ್ವಾಹಕರೊಬ್ಬರು ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ, ದೋಷ ಹುಡುಕುವ ಉಪಕರಣವೊಂದು ಗೊಣಗುತ್ತಿದ್ದುದನ್ನು ನಿಲ್ಲಿಸಲು, ಒಂದೆರಡು ಸಾಲು ತೆಗೆದುಹಾಕಿದರು. ಆ ಸಾಲುಗಳೇ ಯಾದೃಚ್ಛಿಕತೆಯ ಮೂಲವಾಗಿದ್ದವು. ಉಳಿದದ್ದು ಪ್ರೋಗ್ರಾಮಿನ ಚಾಲನಾ ಸಂಖ್ಯೆ ಮಾತ್ರ, ಅದರ ಸಾಧ್ಯತೆಗಳು 32,767. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಆ ಯಂತ್ರಗಳಲ್ಲಿ ತಯಾರಾದ ಕೀಲಿಗಳೆಲ್ಲ ಕೆಟ್ಟವೆಂಬುದು ಸಹಜ. ಆದರೆ ಎಚ್ಚರಿಕೆಯ ಪತ್ರದಲ್ಲಿ ಇನ್ನೊಂದು ಮಾತಿತ್ತು. ಬೇರೆ ಕಡೆ ಸರಿಯಾಗಿ ತಯಾರಾದ ಆರ್‌ಎಸ್‌ಎ ಕೀಲಿಯನ್ನು ಆ ಯಂತ್ರಕ್ಕೆ ತಂದು ಬಳಸಿದ್ದರೆ ಚಿಂತೆಯಿಲ್ಲ. ಡಿಎಸ್‌ಎ ಕೀಲಿಯನ್ನಾದರೆ, ಎಷ್ಟೇ ಚೆನ್ನಾಗಿ ತಯಾರಾಗಿದ್ದರೂ, ಆ ಯಂತ್ರದಲ್ಲಿ ಒಮ್ಮೆ ಸಹಿ ಹಾಕಲು ಬಳಸಿದ್ದರೆ ಸಾಕು, ಕಳುವಾದಂತೆಯೇ ಎಣಿಸಬೇಕು. ವಿಧಾನ ಮತ್ತು ಅನುಷ್ಠಾನಗಳ ನಡುವಿನ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಘಟನೆ ನಮಗೆ ತಿಳಿದಿಲ್ಲ. (ಡೆಬಿಯನ್ ಭದ್ರತಾ ಪ್ರಕಟಣೆಗಳ ಸಂಕ್ಷೇಪವೂ ಡಿಎಸ್‌ಎ ಎಂದೇ. ಈ ಪ್ರಕಟಣೆಯ ಕ್ರಮಾಂಕ ಡಿಎಸ್‌ಎ-1571.)

ಎರಡು ವರ್ಷಗಳ ನಂತರ, 2010ರ ಡಿಸೆಂಬರಿನಲ್ಲಿ, ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಫೇಲ್‌ಓವರ್‌ಫ್ಲೋ ಎಂಬ ತಂಡ ಸೋನಿ ಪ್ಲೇಸ್ಟೇಷನ್ 3ರ ಸಹಿಗಳನ್ನು ತೆರೆಯ ಮೇಲೆ ಇಟ್ಟಿತು. ಅಲ್ಲಿ ಬಳಕೆಯಾಗಿದ್ದುದು ಡಿಎಸ್‌ಎಯ ತಮ್ಮನಾದ ಇಸಿಡಿಎಸ್‌ಎ. ಅದೇ ಸಮೀಕರಣ, ಆದರೆ ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಗಳ ಗಣಿತದ ಮೇಲೆ ಕಟ್ಟಿದ್ದು. ಪ್ರತಿ ಸಹಿಗೂ ಬದಲಾಗಬೇಕಿದ್ದ ಸಂಖ್ಯೆ ಬದಲಾಗದೆ ಅದೇ ಆಗಿತ್ತು. 2013ರ ಆಗಸ್ಟಿನಲ್ಲಿ ಆಂಡ್ರಾಯ್ಡ್ ಫೋನುಗಳ ಬಿಟ್‌ಕಾಯಿನ್ ಥೈಲಿಗಳಿಂದ ಹಣ ಮಾಯವಾಯಿತು. ಅಲ್ಲಿಯೂ ಜಾವಾದ ಮಾದರಿಯ ಲೈಬ್ರರಿಯೇ ಇತ್ತು. ಅದರ ಯಾದೃಚ್ಛಿಕ ಸಂಖ್ಯೆಗಳ ಭಾಗ ಸರಿಯಾಗಿ ಬಿತ್ತನೆಯಾಗದೆ, ಸಂಖ್ಯೆಗಳು ಮರುಕಳಿಸಿದ್ದವು. ಅದೇ ತಿಂಗಳು ತಾಮಸ್ ಪೋರ್ನಿನ್ ಬರೆದ ಆರ್‌ಎಫ್‌ಸಿ 6979 ಎಂಬ ದಾಖಲೆ ಪ್ರಕಟವಾಯಿತು. ಯಾದೃಚ್ಛಿಕ ಸಂಖ್ಯೆಯನ್ನು ಅದೃಷ್ಟಕ್ಕೆ ಬಿಡದೆ, ಕೀಲಿ ಮತ್ತು ಪತ್ರಗಳಿಂದಲೇ ಲೆಕ್ಕ ಹಾಕಿ ತೆಗೆಯುವ ವಿಧಾನವದು. ರಿವೆಸ್ಟ್ ಹೇಳಿ ಆಗಲೇ ಇಪ್ಪತ್ತೊಂದು ವರ್ಷ ಕಳೆದಿತ್ತು.

ಹಾಗೆಂದು ಸಹಿ ಹಾಕುವ ಕಡೆಯಲ್ಲಿ ಮಾತ್ರ ಅಪಾಯವಿತ್ತೆಂದು ತಿಳಿಯಬಾರದು. 2009ರ ಜನವರಿಯಲ್ಲಿ ಓಪನ್‌ಎಸ್‌ಎಸ್‌ಎಲ್ ಒಂದು ದೋಷವನ್ನು ಪ್ರಕಟಿಸಿತು. ಸಹಿಯನ್ನು ಪರೀಕ್ಷಿಸುವ ಅದರ ಅಂಗ ಮೂರು ಬಗೆಯ ಉತ್ತರ ಕೊಡುತ್ತಿತ್ತು. ಸರಿಯಿದ್ದರೆ 1, ತಪ್ಪಿದ್ದರೆ 0, ಸಹಿಯ ರೂಪವೇ ಕೆಟ್ಟು ಪರೀಕ್ಷಿಸಲಾಗದಿದ್ದರೆ ಋಣ 1. ಉತ್ತರವನ್ನು ಪಡೆದ ಕೆಲವು ತಂತ್ರಾಂಶಗಳು ಸೊನ್ನೆಯಲ್ಲದ್ದೆಲ್ಲ ಸರಿ ಎಂದು ಓದಿಕೊಂಡವು, ಓಪನ್‌ಎಸ್‌ಎಸ್‌ಎಲ್‌ನ ಒಳಗಿನ ಭಾಗಗಳೂ ಸೇರಿದಂತೆ. ಪರಿಣಾಮವಾಗಿ, ಡಿಎಸ್‌ಎ ಮತ್ತು ಇಸಿಡಿಎಸ್‌ಎ ಕೀಲಿಗಳ ವಿಷಯದಲ್ಲಿ, ಓದಲಾಗದಷ್ಟು ಕೆಟ್ಟ ಸಹಿ ಒಳ್ಳೆಯ ಸಹಿಯಾಗಿ ದಾಟಿಹೋಗಬಹುದಿತ್ತು. ಇದನ್ನು ಓದಿದಾಗ ನಮಗೆ ನೆನಪಾದದ್ದು ಈ ದೇಶದಲ್ಲಿ ಪಿಡಿಎಫ್ ಪ್ರಮಾಣಪತ್ರ ತೆರೆದವರೆಲ್ಲ ಕಂಡಿರುವ ಆ ಹಳದಿ ಪ್ರಶ್ನಾರ್ಥಕ ಚಿಹ್ನೆ. ಸಹಿ ಸರಿಯೆಂದೂ ಹೇಳದ, ತಪ್ಪೆಂದೂ ಹೇಳದ ಚಿಹ್ನೆ ಅದು. ಸಹಿ ಹಾಕಿದವನ ಪ್ರಮಾಣಪತ್ರದ ಮೂಲವನ್ನು ಈ ಯಂತ್ರ ಅರಿಯದು ಎಂಬುದಷ್ಟೇ ಬಹುತೇಕ ಅದರ ಅರ್ಥ. ಆದರೆ ಕೌಂಟರಿನಲ್ಲಿ ಅದು ಕೆಲವೊಮ್ಮೆ ತಿರಸ್ಕಾರವಾಗುತ್ತದೆ, ಕೆಲವೊಮ್ಮೆ ಕಣ್ಣಿಗೇ ಬೀಳದೆ ಒಪ್ಪಿಗೆಯಾಗುತ್ತದೆ. ಹಸಿರು ಗುರುತು ಬರುವ ತನಕ ಮೌಸ್ ಒತ್ತಿ ನಂಬಿಕೆಯ ಪಟ್ಟಿಗೆ ಸೇರಿಸುವ ಕಲೆಯನ್ನು ಸೈಬರ್ ಕೆಫೆಗಳವರು ಕರಗತ ಮಾಡಿಕೊಂಡಿದ್ದಾರೆ. ಮೂರನೆಯ ಉತ್ತರವನ್ನು ಏನು ಮಾಡಬೇಕೆಂದು ಯಂತ್ರಕ್ಕೂ ತಿಳಿಯಲಿಲ್ಲ, ಮನುಷ್ಯನಿಗೂ ತಿಳಿಯಲಿಲ್ಲ.

ಆಯ್ಕೆಯ ಅಧಿಕಾರ ತಪ್ಪಿದ ಕೈಗೆ ಹೋದ ಇನ್ನೊಂದು ಪ್ರಸಂಗ 2015ರದ್ದು. ಜಾಲತಾಣಗಳು ಬಳಕೆದಾರನ ಗುರುತಿಗಾಗಿ ಕೊಡುವ ಜೆಡಬ್ಲ್ಯುಟಿ ಎಂಬ ಸಹಿ ಮಾಡಿದ ಚೀಟಿಗಳಿವೆ. ಯಾವ ವಿಧಾನದಿಂದ ಸಹಿ ಹಾಕಲಾಗಿದೆ ಎಂಬುದನ್ನು ಚೀಟಿಯ ತಲೆಬರಹದಲ್ಲೇ ಬರೆದಿರುತ್ತಾರೆ. ಸಾಧ್ಯ ಹೆಸರುಗಳ ಪೈಕಿ ‘ಯಾವುದೂ ಇಲ್ಲ’ ಎಂಬುದೂ ಒಂದು! ಹಲವು ಲೈಬ್ರರಿಗಳು ಚೀಟಿ ಹೇಳಿದ ವಿಧಾನವನ್ನು ನಂಬಿ ಪರೀಕ್ಷೆಗೆ ತೊಡಗುತ್ತಿದ್ದವು. ಸಹಿಯೇ ಇಲ್ಲದ ಚೀಟಿಗೆ ‘ಯಾವುದೂ ಇಲ್ಲ’ ಎಂದು ತಲೆಬರಹ ಬರೆದರೆ, ಪರೀಕ್ಷೆ ತೇರ್ಗಡೆ. ಆರೋಪಿಯನ್ನೇ ಕರೆದು ನಿನ್ನನ್ನು ಯಾವ ಕಲಮಿನಡಿ ವಿಚಾರಿಸಲಿ ಎಂದು ಕೇಳಿದಂತಾಯಿತು. ಟಿಮ್ ಮೆಕ್‌ಲೀನ್ ಇದನ್ನು ಬಯಲಿಗಿಟ್ಟ ಮೇಲೆ ಲೈಬ್ರರಿಗಳು ತಿದ್ದಿಕೊಂಡವು.

ಹ್ಯಾಶಿನ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 2000ದ ನಮ್ಮ ನಿಯಮಗಳು ಎಂಡಿ5, ಎಸ್‌ಎಚ್‌ಎ-1 ಎರಡನ್ನೂ ಮಾನ್ಯ ಮಾಡಿದ್ದವು. 2004ರಲ್ಲಿ ಚೀನಾದ ಶಿಯಾವ್‌ಯುನ್ ವಾಂಗ್ ಮತ್ತು ಸಂಗಡಿಗರು ಎಂಡಿ5ರಲ್ಲಿ ಎರಡು ಬೇರೆ ದಾಖಲೆಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಿ ತೋರಿಸಿದರು. 2012ರಿಂದ ನಮ್ಮಲ್ಲಿ ಎಸ್‌ಎಚ್‌ಎ-2 ಮತ್ತು 2048 ಬಿಟ್‌ನ ಆರ್‌ಎಸ್‌ಎ ಕಡ್ಡಾಯವಾದವು. ಅದೇ 2012ರ ಮೇ ತಿಂಗಳಲ್ಲಿ ಪತ್ತೆಯಾದ ಫ್ಲೇಮ್ ಎಂಬ ಗೂಢಚರ್ಯೆಯ ವೈರಸ್, ಮೈಕ್ರೋಸಾಫ್ಟಿನ ಒಂದು ಮೂಲೆಯಲ್ಲಿ ಇನ್ನೂ ಬಳಕೆಯಲ್ಲಿದ್ದ ಎಂಡಿ5ರ ದೌರ್ಬಲ್ಯವನ್ನು ಹಿಡಿದು ಆ ಕಂಪನಿಯ ಸಹಿಯನ್ನೇ ಖೋಟಾ ಮಾಡಿತ್ತು.

ಇಷ್ಟೆಲ್ಲ ಆದ ಮೇಲೆ ಗೂಢಲಿಪಿಯ ಜಗತ್ತಿನಲ್ಲಿ ಬೇರೊಂದು ಧೋರಣೆ ಬೆಳೆಯಿತು. ಪ್ರೋಗ್ರಾಮರಿಗೆ ಆಯ್ಕೆಯನ್ನೇ ಕೊಡಬಾರದು ಎಂಬುದು ಆ ಧೋರಣೆ. ಡೇನಿಯಲ್ ಬರ್ನ್‌ಸ್ಟೈನ್, ತಾನ್ಯಾ ಲಾಂಗೆ, ಪೀಟರ್ ಶ್ವಾಬೆ ರೂಪಿಸಿದ ನಾಕ್ಲ್ ಲೈಬ್ರರಿಯಲ್ಲಿ ಸಹಿ ಹಾಕು ಎಂಬ ಒಂದೇ ಆಜ್ಞೆಯಿದೆ, ಯಾವ ವಿಧಾನದಿಂದ ಎಂದು ಕೇಳುವುದಿಲ್ಲ. ಬರ್ನ್‌ಸ್ಟೈನ್ ಮತ್ತು ಸಂಗಡಿಗರು 2011ರಲ್ಲಿ ಮಂಡಿಸಿದ ಇಡಿ25519 ಎಂಬ ಸಹಿ ವಿಧಾನ ಯಾದೃಚ್ಛಿಕ ಸಂಖ್ಯೆಯನ್ನು ತಾನೇ ಲೆಕ್ಕ ಹಾಕಿ ತೆಗೆಯುತ್ತದೆ. ಅದರ ವಿನ್ಯಾಸದಲ್ಲೇ ಹಳೆಯ ಅಪಘಾತಗಳ ನೆನಪು ಇದೆ. ಕಾಲಾಂತರದಲ್ಲಿ ಗೂಗಲ್ಲಿನ ಟಿಂಕ್ ಮೊದಲಾದ ಲೈಬ್ರರಿಗಳೂ ಆಯ್ಕೆಗಳನ್ನು ಕತ್ತರಿಸಿ ಕೆಲವೇ ಸಿದ್ಧ ಅಚ್ಚುಗಳಿಗೆ ಇಳಿಸಿದವು. ನಮ್ಮ ಒಲವು ಇವರ ಕಡೆಗೇ. ಜ್ವರಕ್ಕೆ ಔಷಧ ಕೇಳಲು ಹೋದವನ ಮುಂದೆ ಔಷಧದಂಗಡಿಯ ಎಲ್ಲ ಬಾಟಲಿಗಳನ್ನು ಸಾಲಾಗಿ ಇಟ್ಟು ಆರಿಸಿಕೋ ಎನ್ನುವುದು ಉದಾರತೆಯಲ್ಲ. ಆದರೂ ಒಂದು ಅಳುಕು ಉಳಿಯುತ್ತದೆ. 2020ರಲ್ಲಿ ಸಂಶೋಧಕರು ಇಡಿ25519ರ ಹಲವು ಅನುಷ್ಠಾನಗಳಿಗೆ ಬೇಕೆಂದೇ ಅಂಚಿನ ಸಹಿಗಳನ್ನು ಉಣಿಸಿ ನೋಡಿದರು. ಒಂದು ಲೈಬ್ರರಿ ಸರಿಯೆಂದ ಸಹಿಯನ್ನು ಇನ್ನೊಂದು ತಪ್ಪೆಂದಿತು. ವಿಧಾನದ ಆಯ್ಕೆಯನ್ನು ಕಿತ್ತುಕೊಂಡರೂ ಗಿರಣಿಯ ಆಯ್ಕೆ ಉಳಿದೇ ಇತ್ತು.

ಅದೇ 2020ರ ಸೆಪ್ಟೆಂಬರಿನಲ್ಲಿ ಜಾವಾದ 15ನೆಯ ಆವೃತ್ತಿ ಬಂತು. ಇಡಿ25519 ಸೇರಿದ ಎಡ್‌ಡಿಎಸ್‌ಎ ಸಹಿಗೆ ಅದರಲ್ಲಿ ಸ್ಥಾನ ಸಿಕ್ಕಿತು. ಹೊಸಬರ ಪ್ರವೇಶಕ್ಕೆ ಒಳ್ಳೆಯ ಮುಹೂರ್ತವೆಂದೇ ಎಲ್ಲರೂ ತಿಳಿದರು. ಜೊತೆಗೆ ಇನ್ನೊಂದು ಸದ್ದಿಲ್ಲದ ಬದಲಾವಣೆಯೂ ಆಯಿತು. ಅದುವರೆಗೆ ಸಿ++ ಭಾಷೆಯಲ್ಲಿದ್ದ ಇಸಿಡಿಎಸ್‌ಎ ಪರೀಕ್ಷೆಯ ಭಾಗವನ್ನು ಜಾವಾದಲ್ಲೇ ಹೊಸದಾಗಿ ಬರೆದರು. ಕಾರಣಗಳು ಒಳ್ಳೆಯವೇ, ಜಾವಾದಲ್ಲಿ ಬರೆದ ತಂತ್ರಾಂಶ ಸ್ಮೃತಿಯ ತಪ್ಪುಗಳಿಂದ ಹೆಚ್ಚು ಸುರಕ್ಷಿತ. ಆದರೆ ಬರೆಯುವಾಗ ಒಂದು ತಪಾಸಣೆ ಬಿಟ್ಟುಹೋಯಿತು.

ಇಸಿಡಿಎಸ್‌ಎ ಸಹಿಯೆಂದರೆ ಎರಡು ಸಂಖ್ಯೆಗಳ ಜೋಡಿ. ಪರೀಕ್ಷೆಗೆ ತೊಡಗುವ ಮೊದಲು ಎರಡೂ ಸೊನ್ನೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂಬುದು ಪಠ್ಯಪುಸ್ತಕದ ಮೊದಲ ಹೆಜ್ಜೆ. ಅದು ಶಿಷ್ಟಾಚಾರಕ್ಕಾಗಿ ಬರೆದದ್ದಲ್ಲ. ಎರಡೂ ಸೊನ್ನೆಯಾದರೆ ಮುಂದಿನ ಗುಣಾಕಾರಗಳೆಲ್ಲ ಸೊನ್ನೆಯಾಗಿ, ಕೊನೆಗೆ ಸೊನ್ನೆಯನ್ನು ಸೊನ್ನೆಯೊಡನೆ ಹೋಲಿಸಿ, ಎರಡೂ ಸಮ, ಸಹಿ ಸರಿ ಎಂಬ ತೀರ್ಪು ಹೊರಬೀಳುತ್ತದೆ. ಯಾರ ಕೀಲಿ, ಯಾವ ಪತ್ರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಬರಿಯ ಸೊನ್ನೆಗಳ ಸಹಿ ಎಲ್ಲರ ಸಹಿಯೂ ಆಗುತ್ತದೆ, ಎಲ್ಲ ಪತ್ರಗಳ ಮೇಲೂ. ಇದನ್ನು ಕಂಡುಹಿಡಿದ ನೀಲ್ ಮ್ಯಾಡನ್ 2021ರ ನವೆಂಬರಿನಲ್ಲಿ ಒರಾಕಲ್ ಕಂಪನಿಗೆ ತಿಳಿಸಿದರು. ತಿದ್ದುಪಡಿ ಹೊರಬಂದದ್ದು 2022ರ ಏಪ್ರಿಲ್ 19ರಂದು. ಡಾಕ್ಟರ್ ಹೂ ಎಂಬ ಬ್ರಿಟಿಷ್ ಟಿವಿ ಧಾರಾವಾಹಿಯಲ್ಲಿ ನಾಯಕ ಖಾಲಿ ಕಾಗದ ತೋರಿಸಿದರೆ ನೋಡಿದವರಿಗೆ ಅದರಲ್ಲಿ ಬೇಕಾದ ಗುರುತುಪತ್ರವೇ ಕಾಣುತ್ತದಂತೆ. ಅದನ್ನು ನೆನೆದು ಮ್ಯಾಡನ್ ಈ ದೋಷಕ್ಕೆ ಹೆಸರಿಟ್ಟರು. ದೋಷದ ತೀವ್ರತೆಗೆ ಒರಾಕಲ್ 10ಕ್ಕೆ 7.5 ಅಂಕ ಕೊಟ್ಟರೆ, ಮ್ಯಾಡನ್ ಇದು ಪೂರ್ಣಾಂಕಕ್ಕೆ ಅರ್ಹವೆಂದರು. ನಾವು ಮ್ಯಾಡನ್ನರ ಪಕ್ಷ. ಹತ್ತೊಂಬತ್ತು ತಿಂಗಳು, 15ರಿಂದ 18ರ ತನಕ ನಾಲ್ಕು ಆವೃತ್ತಿಗಳಲ್ಲಿ, ಅಷ್ಟು ಮೂಲಭೂತವಾದ ಸಹಿ ವಿಧಾನವೊಂದು ಖಾಲಿ ಕಾಗದವನ್ನು ಒಪ್ಪುತ್ತಿತ್ತು.

ಈ ಅವಧಿಯಲ್ಲಿ ಪಾರಾದವರು ಎರಡು ಬಗೆಯವರು. ಪ್ರೊವೈಡರುಗಳ ಪಟ್ಟಿಯಲ್ಲಿ ಬೌನ್ಸಿ ಕ್ಯಾಸಲನ್ನು ಮೊದಲ ಕ್ರಮಾಂಕದಲ್ಲಿ ಇಟ್ಟುಕೊಂಡವರು ಅಥವಾ ಅದರ ಹೆಸರನ್ನು ಸ್ಪಷ್ಟವಾಗಿ ಕೇಳಿದವರು ಒಂದು ಬಗೆ, ಏಕೆಂದರೆ ಅಲ್ಲಿ ಸೊನ್ನೆಯ ತಪಾಸಣೆ ಇತ್ತು. ಇನ್ನೊಂದು ಬಗೆಯವರು ಜಾವಾದ 8 ಅಥವಾ 11ನೆಯ ಆವೃತ್ತಿಯಲ್ಲೇ ಕಾಲ ತಳ್ಳುತ್ತಿದ್ದವರು. ಅಪ್‌ಡೇಟ್ ಮಾಡಿಲ್ಲವೇಕೆಂದು ಲೆಕ್ಕಪರಿಶೋಧಕರಿಂದ ಬೈಗುಳ ತಿನ್ನುವ ಕಚೇರಿಗಳಿಗೆ ಬದುಕಿನಲ್ಲಿ ಒಮ್ಮೆ ಸಿಕ್ಕ ಸಮರ್ಥನೆ ಇದು. ಇದನ್ನೇ ನಂಬಿ ಕೂರಬಾರದು ಎಂಬುದನ್ನೂ ಹೇಳಬೇಕು. ಈ ಎರಡು ಬಗೆಯವರ ಪ್ರೋಗ್ರಾಮಿನ ಸಾಲೂ, ದೋಷಕ್ಕೆ ತುತ್ತಾದವರ ಸಾಲೂ ಅಕ್ಷರಶಃ ಒಂದೇ ಇದ್ದಿರಬಹುದು. ಆ ಹತ್ತೊಂಬತ್ತು ತಿಂಗಳಲ್ಲಿ ಯಾರ ಹೆಸರಿನಲ್ಲಾದರೂ ಇಂಥ ಸೊನ್ನೆಯ ಸಹಿ ಬಿದ್ದಿದ್ದರೆ, ಅದು ತನ್ನದಲ್ಲವೆಂದು ಅವನು ನ್ಯಾಯಾಲಯದಲ್ಲಿ ತೋರಿಸಬೇಕಿದ್ದುದು ಹೇಗೆ? ಯಂತ್ರ ಸರಿಯೆಂದಿದೆ. ತನ್ನ ಟೋಕನ್ ತನ್ನ ಖಾನೆಯಲ್ಲೇ ಇತ್ತೆಂಬುದು ಅವನಿಗೇ ತಿರುಗುಬಾಣ. ಯಂತ್ರದ ಯಾವ ಕಡತದಲ್ಲಿ ಯಾವ ಪ್ರೊವೈಡರ್ ಎಷ್ಟನೆಯ ಸ್ಥಾನದಲ್ಲಿತ್ತು ಎಂಬುದನ್ನು ಅವನು ಕೇಳಬೇಕೆಂದು ಅವನ ವಕೀಲರಿಗೂ ಹೊಳೆಯುತ್ತಿರಲಿಲ್ಲ.

ಇತ್ತ ಹಳೆಯ ಡಿಎಸ್‌ಎಯ ಅಧಿಕಾರಾವಧಿ ಮುಗಿಯಿತು. 2023ರ ಫೆಬ್ರವರಿಯಲ್ಲಿ ಪರಿಷ್ಕೃತವಾದ ನಿಸ್ಟ್ ಮಾನಕದ ಪ್ರಕಾರ ಅದರಿಂದ ಹೊಸ ಸಹಿ ಹಾಕುವಂತಿಲ್ಲ, ಹಳೆಯ ಸಹಿಗಳನ್ನು ಪರೀಕ್ಷಿಸಬಹುದಷ್ಟೇ. 2025ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ ತನ್ನ 10.0 ಆವೃತ್ತಿಯಿಂದ ಅದನ್ನು ಪೂರ್ತಿ ಕಿತ್ತುಹಾಕಿತು. ಆರ್‌ಎಸ್‌ಎ ಮತ್ತು ಇಸಿಡಿಎಸ್‌ಎಗಳನ್ನು ಮುಂದೊಂದು ದಿನ ಕ್ವಾಂಟಮ್ ಕಂಪ್ಯೂಟರುಗಳು ಮುರಿಯಬಲ್ಲವೆಂಬ ಲೆಕ್ಕದಲ್ಲಿ ನಿಸ್ಟ್ 2024ರ ಆಗಸ್ಟ್ 13ರಂದು ಹೊಸ ಸಹಿ ಮಾನಕಗಳನ್ನು ಹೊರಡಿಸಿತು. ಅವುಗಳಲ್ಲಿ ಮುಖ್ಯವಾದುದರ ಹೆಸರು ಎಂಎಲ್-ಡಿಎಸ್‌ಎ. ಗಣಿತ ಪೂರ್ತಿ ಬೇರೆ, ಹೆಸರಿನ ಬಾಲ ಮಾತ್ರ ಹಳೆಯದು. 1994ರ ಡಿಎಸ್‌ಎ ಸಹಿ 40 ಬೈಟುಗಳಲ್ಲಿ ಮುಗಿಯುತ್ತಿತ್ತು. ಇದರ ಅತ್ಯಂತ ಚಿಕ್ಕ ರೂಪಕ್ಕೇ 2,420 ಬೈಟುಗಳು ಬೇಕು.

2025ರ ಮಾರ್ಚಿನಲ್ಲಿ ಬಂದ ಜಾವಾದ 24ನೆಯ ಆವೃತ್ತಿಗೆ ಈ ಹೊಸ ವಿಧಾನ ಸೇರಿದೆ. ಕೇಳುವ ಕ್ರಮ 1997ರದ್ದೇ. ಉದ್ಧರಣ ಚಿಹ್ನೆಗಳ ನಡುವೆ ಹೆಸರು ಬರೆಯಬೇಕು. ಎಂಎಲ್-ಡಿಎಸ್‌ಎಯಲ್ಲಿ 44, 65, 87 ಎಂಬ ಮೂರು ಅಳತೆಗಳಿವೆ. ಕೀಲಿ ತಯಾರಿಸುವಾಗ ಅಳತೆಯನ್ನು ಹೇಳದೆ ಬರಿಯ ಹೆಸರನ್ನು ಬರೆದರೆ, ಲೈಬ್ರರಿ ತಾನೇ 65 ಅನ್ನು ಆರಿಸಿಕೊಳ್ಳುತ್ತದೆ.